ಸೆನ್ಸರ್ ವೈರ್ ತುಂಡಾದರೂ ಮಷಿನ್ ನಿಲ್ಲಬೇಕು: ಸಿಎನ್‌ಸಿ ಎಮರ್ಜೆನ್ಸಿ ಸ್ಟಾಪ್‌ಗೆ ಸೆನ್ಸರ್ ಜೋಡಿಸುವುದು ಹೇಗೆ?

ಪೀಣ್ಯ ಮಿಲ್ಲಿಂಗ್ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್. ಮೂರು ಮಷಿನ್, ನಾಲ್ಕು ಜನ. ಹೋದ ವರ್ಷ ಒಂದು ಹಳೇ ವರ್ಟಿಕಲ್ ಮಿಲ್ಲಿಂಗ್ ಮಷಿನ್ ತಂದು, ಅದರ ಕಂಟ್ರೋಲರ್ ಕಿತ್ತು ಲಿನಕ್ಸ್‌ಸಿಎನ್‌ಸಿ (ಕಂಪ್ಯೂಟರ್‌ನಿಂದ ಮಷಿನ್ ಓಡಿಸುವ ಸಾಫ್ಟ್‌ವೇರ್) ಹಾಕಿದೆವು. ಮೂರೂ ಆಕ್ಸಿಸ್‌ಗೆ ಸರ್ವೋ, ಸ್ಪಿಂಡಲ್‌ಗೆ 3.7 ಕಿಲೋವ್ಯಾಟ್ ಮೋಟರ್, ಅದರ ವೇಗ ಬದಲಿಸುವ ವಿಎಫ್‌ಡಿ ಡ್ರೈವ್. ಪ್ಯಾನೆಲ್ ವೈರಿಂಗ್ ನಾನೇ ಮಾಡಿದ್ದು.

ಇವತ್ತು ಸಂಜೆ ಆದದ್ದು ಇದು. ಟೂಲ್ ಆಫ್‌ಸೆಟ್ ತಪ್ಪಾಗಿ ಬಿದ್ದಿತ್ತು. ಝಡ್, ಅಂದರೆ ಮೇಲೆ ಕೆಳಗೆ ಓಡುವ ಆಕ್ಸಿಸ್, ಇಳಿಯುತ್ತಲೇ ಹೋಯಿತು. ಕೊಲೆಟ್ ನಟ್ ವೈಸ್‌ಗೆ ತಾಗುವ ಮೊದಲೇ ನಿಲ್ಲಲಿ ಅಂತ ಒಂದು ಡಾಗ್ (ಆಕ್ಸಿಸ್ ಜೊತೆ ಓಡುವ ಲೋಹದ ತುಂಡು), ಒಂದು ಪ್ರಾಕ್ಸಿ (ಲೋಹ ಹತ್ತಿರ ಬಂದರೆ ತಿಳಿಸುವ ಸೆನ್ಸರ್) ಇಟ್ಟಿದ್ದೆ. ಡಾಗ್ ಪ್ರಾಕ್ಸಿ ಮುಂದೆ ಬಂತು. ಮಷಿನ್ ನಿಲ್ಲಲಿಲ್ಲ. ಎಂಡ್ ಮಿಲ್ ಮುರಿದು ಸಿಡಿಯಿತು, ನಟ್ ವೈಸ್ ದವಡೆಗೆ ಗುದ್ದಿತು. ಆಗ ನಾನು ಕೆಂಪು ಬಟನ್ ಹೊಡೆದೆ. ನಮ್ಮ ಹೆಲ್ಪರ್ ಹುಡುಗ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ. ಅದೊಂದೇ ಸಮಾಧಾನ.

ಆಮೇಲೆ ಪ್ರಾಕ್ಸಿ ಬಿಚ್ಚಿ ನೋಡಿದೆ, ಚೆನ್ನಾಗಿಯೇ ಇತ್ತು. ವೈರ್ ಹಿಡಿದು ಎಳೆದೆ. ಕೇಬಲ್ ಚೈನ್ ಬಗ್ಗುವ ಜಾಗದಲ್ಲಿ ಸಿಗ್ನಲ್ ತರುವ ಕಪ್ಪು ವೈರ್‌ನ ತಾಮ್ರ ಒಳಗೇ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಯಾವತ್ತು ತುಂಡಾಯಿತೋ ಗೊತ್ತಿಲ್ಲ. ಅಂದಿನಿಂದ ಇಂದಿನವರೆಗೂ ಲಿಮಿಟ್ ಇಲ್ಲದೇ ಮಷಿನ್ ಓಡಿದೆ.

ಸೋಮವಾರದಿಂದ ಇದನ್ನು ಸರಿ ಮಾಡಲು ಕೂರುತ್ತಿದ್ದೇನೆ. ಮೂರು ವಿಷಯ ಕೇಳಬೇಕು. ಪ್ರಾಕ್ಸಿಯನ್ನು ಎನ್‌ಓ (ಮಾಮೂಲಿಯಾಗಿ ತೆರೆದಿರುವುದು) ಬದಲು ಎನ್‌ಸಿ (ಮಾಮೂಲಿಯಾಗಿ ಮುಚ್ಚಿರುವುದು) ಮಾಡಿದರೆ ಸಾಕಾ? ಡೋರ್, ಗಾಳಿ ಪ್ರೆಶರ್, ಲ್ಯೂಬ್ ಆಯಿಲ್, ಕೂಲೆಂಟ್, ಸ್ಪಿಂಡಲ್ ಬಿಸಿ, ಎಲ್ಲ ಸೆನ್ಸರ್‌ಗಳನ್ನೂ ಸೀರೀಸ್ ಮಾಡಿ ಎಮರ್ಜೆನ್ಸಿ ಇನ್‌ಪುಟ್‌ಗೇ ಕೊಟ್ಟುಬಿಡಲಾ? ಇನ್ನೊಂದು, ಬಟನ್ ಒತ್ತಿದ ಮೇಲೂ ಸ್ಪಿಂಡಲ್ ಸುಮಾರು 20 ಸೆಕೆಂಡ್ ತಿರುಗುತ್ತಲೇ ಇತ್ತು. ಅದನ್ನು ಬೇಗ ನಿಲ್ಲಿಸುವುದು ಹೇಗೆ?

ಪ್ಯಾನೆಲ್ ವೈರ್‌ಮನ್, ಹುಬ್ಬಳ್ಳಿ · ಶನಿವಾರ ರಾತ್ರಿ

ಹುಡುಗನಿಗೆ ಏನೂ ಆಗಲಿಲ್ಲವಲ್ಲ, ದೊಡ್ಡದು ಸರ್. ಮೊದಲನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಎನ್‌ಓ ಸೆನ್ಸರ್ ಅಪಾಯ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಅದರ ವೈರ್ ಹೋದರೆ ಅಪಾಯ ಬಂದರೂ ಮೌನ, ಕಂಟ್ರೋಲರ್ ಅದನ್ನೇ 'ಎಲ್ಲ ಸರಿ' ಅಂದುಕೊಳ್ಳುತ್ತದೆ. ಎನ್‌ಸಿ ಸೆನ್ಸರ್ ಉಲ್ಟಾ. 'ಸರಿ ಇದೆ, ಸರಿ ಇದೆ' ಅಂತ ಸದಾ ಹೇಳುತ್ತಲೇ ಇರುತ್ತದೆ. ವೈರ್ ತುಂಡಾಗಲಿ, ಕನೆಕ್ಟರ್ ಸಡಿಲವಾಗಲಿ, 24 ವೋಲ್ಟ್ ಸಪ್ಲೈ ಹೋಗಲಿ, ಆ ಮಾತು ನಿಂತ ಕೂಡಲೇ ಮಷಿನ್ ನಿಲ್ಲುತ್ತದೆ. ಹಾಗಾಗಿ ಎನ್‌ಸಿ ಮಾಡಲೇಬೇಕು. ಆದರೆ ಅಷ್ಟೇ ಸಾಕಾಗುವುದಿಲ್ಲ.

ನಿಮ್ಮ ಪ್ರಾಕ್ಸಿ ಎನ್‌ಪಿಎನ್ (ಸಿಗ್ನಲ್ ವೈರನ್ನು ಸೊನ್ನೆ ವೋಲ್ಟ್‌ಗೆ ಎಳೆಯುವ ಜಾತಿ) ಇರಬೇಕು, ಅಲ್ವಾ? ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಎಲ್‌ಜೆ12ಎ3 ಸಾಲಿನಲ್ಲಿ ಕೊನೇ ಎರಡು ಅಕ್ಷರ ನೋಡಿ. ಬಿಎಕ್ಸ್ ಅಂದರೆ ಎನ್‌ಪಿಎನ್ ಎನ್‌ಓ, ಎಎಕ್ಸ್ ಅಂದರೆ ಎನ್‌ಪಿಎನ್ ಎನ್‌ಸಿ, ಎವೈ ಅಂದರೆ ಪಿಎನ್‌ಪಿ (ಸಿಗ್ನಲ್ ವೈರ್‌ಗೆ 24 ವೋಲ್ಟ್ ಕೊಡುವ ಜಾತಿ) ಎನ್‌ಸಿ. ಅಂಗಡಿಯವರು ಕೇಳದಿದ್ದರೆ ಬಿಎಕ್ಸ್ ಕೊಡುತ್ತಾರೆ. ನೀವು ಎವೈ ಕೇಳಿ ತನ್ನಿ.

ಪಿಎನ್‌ಪಿ ಯಾಕೆ ಅಂದರೆ, ಎನ್‌ಪಿಎನ್ ಎನ್‌ಸಿ ಸೆನ್ಸರ್ ಸರಿ ಇರುವಾಗ ಕಪ್ಪು ವೈರನ್ನು ಸೊನ್ನೆ ವೋಲ್ಟ್‌ಗೆ ಎಳೆದು ಹಿಡಿದಿರುತ್ತದೆ. ಪ್ಯಾನೆಲ್‌ನಲ್ಲಿ ಆ ಸೊನ್ನೆ ವೋಲ್ಟನ್ನು ಮಷಿನ್ ಬಾಡಿಗೆ ಅರ್ತ್ ಮಾಡಿರುತ್ತೇವೆ. ಈಗ ಕಪ್ಪು ವೈರ್ ಸುಲಿದು ಬಾಡಿಗೆ ತಾಗಿದರೆ? ಸೆನ್ಸರ್ ಏನೇ ಹೇಳಲಿ, ಇನ್‌ಪುಟ್‌ಗೆ 'ಸರಿ ಇದೆ' ಅಂತಲೇ ಕಾಣುತ್ತದೆ. ಪಿಎನ್‌ಪಿಯಲ್ಲಿ ಹಾಗಲ್ಲ. ಕಪ್ಪು ವೈರ್‌ನಲ್ಲಿ 24 ವೋಲ್ಟ್ ಇರುತ್ತದೆ, ಬಾಡಿಗೆ ತಾಗಿದರೆ ಶಾರ್ಟ್ ಆಗಿ ಸಿಗ್ನಲ್ ಬೀಳುತ್ತದೆ, ಮಷಿನ್ ನಿಲ್ಲುತ್ತದೆ. ತುಂಡಾದರೂ ನಿಲ್ಲಬೇಕು, ಬಾಡಿಗೆ ತಾಗಿದರೂ ನಿಲ್ಲಬೇಕು. ಎರಡನ್ನೂ ಯೋಚಿಸಬೇಕು. ನಿಮ್ಮ ಇನ್‌ಪುಟ್ ಕಾರ್ಡ್ ಪಿಎನ್‌ಪಿ ತೆಗೆದುಕೊಳ್ಳುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಇನ್ನೊಂದು ಮಾತು. ಪ್ರಾಕ್ಸಿ ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಸತ್ತರೆ ಎನ್‌ಸಿ ಇದ್ದೂ ಉಪಯೋಗವಿಲ್ಲ. ಅದಕ್ಕೆ ಪ್ರಾಕ್ಸಿ ದಾಟಿ ಕೆಲವು ಎಂಎಂ ಆದ ಮೇಲೆ ಒಂದು ರೋಲರ್ ಲಿಮಿಟ್ ಸ್ವಿಚ್ ಹಾಕಿ. ಡಾಗ್ ಒತ್ತಿದರೆ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೂ ಕಿತ್ತು ಬಿಡಿಸುವ ಜಾತಿಯದ್ದು ಬೇಕು. ಸ್ವಿಚ್ ಮೇಲೆ ವೃತ್ತದೊಳಗೆ ಬಾಣದ ಗುರುತು ಇರುತ್ತದೆ, ಅದನ್ನು ನೋಡಿ ತನ್ನಿ. ಎಮರ್ಜೆನ್ಸಿ ಬಟನ್ ಮೇಲೂ ಅದೇ ಗುರುತು ಇರಬೇಕು.

ಮೇಂಟೆನೆನ್ಸ್, ಬೊಮ್ಮಸಂದ್ರ · ಭಾನುವಾರ ಬೆಳಿಗ್ಗೆ

ಎರಡನೇ ಪ್ರಶ್ನೆ ನನ್ನದು. ದಯವಿಟ್ಟು ಎಲ್ಲವನ್ನೂ ಸೀರೀಸ್ ಮಾಡಬೇಡಿ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಮಷಿನ್‌ಗೆ ಹೀಗೇ ಮಾಡಿದ್ದರು. ಲ್ಯೂಬ್ ಆಯಿಲ್ ಸ್ವಲ್ಪ ಇಳಿದರೂ ಎಮರ್ಜೆನ್ಸಿ. ಕೂಲೆಂಟ್ ನೊರೆ ಬಂದು ಫ್ಲೋಟ್ ಅಲ್ಲಾಡಿದರೂ ಎಮರ್ಜೆನ್ಸಿ. ಸ್ಕ್ರೀನ್ ಮೇಲೆ ಒಂದೇ ಅಲಾರ್ಮ್, ಯಾವ ಸೆನ್ಸರ್ ಅಂತ ತಿಳಿಯುತ್ತಿರಲಿಲ್ಲ. ನೈಟ್ ಶಿಫ್ಟ್‌ನಲ್ಲಿ ಟಾರ್ಗೆಟ್ ಮುಗಿಸಲೇಬೇಕು. ಒಂದು ದಿನ ಪ್ಯಾನೆಲ್ ತೆಗೆದಾಗ ಇನ್‌ಪುಟ್ ಟರ್ಮಿನಲ್‌ಗೆ ಬೆರಳುದ್ದದ ಕೆಂಪು ವೈರ್ ಸಿಕ್ಕಿತು, ಎರಡೂ ತುದಿ ನೀಟಾಗಿ ಲಗ್ ಹಾಕಿ ಜಂಪರ್ ಮಾಡಿದ್ದರು. ಆ ಜಂಪರ್ ಒಳಗೆ ಡೋರ್ ಸ್ವಿಚ್ಚೂ ಹೋಗಿತ್ತು. ಕೂಲೆಂಟ್ ಕಾಟ ತಪ್ಪಿಸಲು ಹೋಗಿ ಡೋರ್ ತೆಗೆದೇ ಮಷಿನ್ ಓಡುತ್ತಿತ್ತು. ಹಾಕಿದವರನ್ನು ನಾನು ಬೈಯಲಿಲ್ಲ. ಹಾಗೆ ವೈರಿಂಗ್ ಮಾಡಿದ್ದೇ ತಪ್ಪು.

ಪ್ರತಿ ಸೆನ್ಸರ್‌ಗೂ ಒಂದು ಪ್ರಶ್ನೆ ಕೇಳಿ: ಇದು ಕೂಗಿದಾಗ ಈ ಕ್ಷಣವೇ ನಿಲ್ಲದಿದ್ದರೆ ಮನುಷ್ಯನಿಗೆ ಪೆಟ್ಟಾಗುತ್ತದಾ? ಹೌದು ಅಂದರೆ ಎಮರ್ಜೆನ್ಸಿ ಸರಣಿಗೆ. ಇಲ್ಲ ಅಂದರೆ ಬೇರೆ ಇನ್‌ಪುಟ್‌ಗೆ. ಲ್ಯೂಬ್ ಲೆವೆಲ್ ಕಡಿಮೆ ಆದರೆ ಮೆಸೇಜ್ ಬರಲಿ, ಈಗಿನ ಜಾಬ್ ಮುಗಿಯಲಿ, ಮುಂದಿನ ಸೈಕಲ್ ಶುರುವಾಗದಿರಲಿ. ಕೂಲೆಂಟ್ ನಿಂತರೆ ಫೀಡ್ ಹೋಲ್ಡ್, ಅಂದರೆ ಆಕ್ಸಿಸ್ ಓಟ ಮಾತ್ರ ತಡೆಹಿಡಿಯುವುದು, ಸಾಕು. ಸ್ಪಿಂಡಲ್ ಬಿಸಿಯಾದರೆ ಫೀಡ್ ಹೋಲ್ಡ್ ಮಾಡಿ, ಟೂಲ್ ಮೇಲೆತ್ತಿ, ಆಮೇಲೆ ಸ್ಪಿಂಡಲ್ ನಿಲ್ಲಿಸಬೇಕು. ಟೂಲ್ ಜಾಬ್ ಒಳಗಿದ್ದಾಗಲೇ ದಿಢೀರ್ ಅಂತ ನಿಲ್ಲಿಸಿದರೆ ಎರಡೂ ಹಾಳು.

ಫ್ಯಾನಕ್ ಕಂಪನಿಯ ಕಂಟ್ರೋಲರ್‌ನಲ್ಲಿ ಇದನ್ನೇ ಬೇರೆ ಬೇರೆ ದಾರಿಯಲ್ಲಿ ಇಟ್ಟಿದ್ದಾರೆ. ಎಮರ್ಜೆನ್ಸಿ ಎಕ್ಸ್8.4ಗೆ ನೇರವಾಗಿ ಬರುತ್ತದೆ, ಲ್ಯಾಡರ್ ಪ್ರೋಗ್ರಾಮ್‌ನಲ್ಲಿ ಜಿ8.4. ಫೀಡ್ ಹೋಲ್ಡ್ ಜಿ8.5. ಎರಡರ ಹೆಸರಿನ ಮುಂದೆಯೂ ನಕ್ಷತ್ರ ಇದೆ, ಅಂದರೆ ಸಿಗ್ನಲ್ ಸೊನ್ನೆಯಾದಾಗ ಕೆಲಸ ಮಾಡುತ್ತದೆ. ವೈರ್‌ಮನ್ ಸರ್ ಹೇಳಿದ ಎನ್‌ಸಿ ಮಾತೇ ಅದು. ಮೆಸೇಜ್‌ನಲ್ಲೂ ಭೇದ ಇದೆ. 1000ದ ಸಾಲಿನ ನಂಬರ್ ಕೊಟ್ಟರೆ ಅಲಾರ್ಮ್ ಆಗಿ ಮಷಿನ್ ನಿಲ್ಲುತ್ತದೆ, 2000ದ ಸಾಲು ಕೊಟ್ಟರೆ ಆಪರೇಟರ್‌ಗೆ ಮೆಸೇಜ್ ಮಾತ್ರ. ಯಾವ ಕಂಟ್ರೋಲರ್ ಆದರೂ ಸರಿ, ಪ್ರತಿ ಸೆನ್ಸರ್‌ಗೂ ಅದರದೇ ಹೆಸರಿನ ಮೆಸೇಜ್ ಬರಲಿ. ಯಾವುದು ಕೂಗುತ್ತಿದೆ ಅಂತ ಗೊತ್ತಾದರೆ ಯಾರೂ ಜಂಪರ್ ಹುಡುಕುವುದಿಲ್ಲ.

ಗ್ರೈಂಡಿಂಗ್ ಕೆಲಸದವ, ಬೆಳಗಾವಿ · ಭಾನುವಾರ ಮಧ್ಯಾಹ್ನ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕರೆಂಟ್ ಕಟ್ ಮಾಡಿದರೆ ಎಲ್ಲ ಸುರಕ್ಷಿತ ಅಂತ ಅಂದುಕೊಳ್ಳಬೇಡಿ.

ನಮ್ಮ ಸರ್ಫೇಸ್ ಗ್ರೈಂಡರ್‌ನಲ್ಲಿ ಕರೆಂಟಿನ ಮ್ಯಾಗ್ನೆಟಿಕ್ ಚಕ್ ಇದೆ. ಎಮರ್ಜೆನ್ಸಿ ಒತ್ತಿದಾಗ ಚಕ್ ಕೂಡ ಆಫ್ ಆದರೆ ಜಾಬ್ ಬಿಟ್ಟುಕೊಳ್ಳುತ್ತದೆ. ಕಲ್ಲು ಮಾತ್ರ ಇನ್ನೂ ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತದೆ. ಜಾಬ್ ಎದುರಿನವರ ಹೊಟ್ಟೆಗೆ ಬರುತ್ತದೆ. ಹಾಗಾಗಿ ಚಕ್ ಸಪ್ಲೈ ಎಮರ್ಜೆನ್ಸಿ ಕಾಂಟ್ಯಾಕ್ಟರ್‌ನಿಂದ (ಕರೆಂಟ್ ಕಡಿಯುವ ದೊಡ್ಡ ರಿಲೇ) ಹೊರಗೆ ಇರಬೇಕು, ಚಕ್ ಕರೆಂಟ್ ಬಿದ್ದರೆ ಟೇಬಲ್ ಓಟ ಮತ್ತು ಕಲ್ಲು ನಿಲ್ಲಬೇಕು. ಲೇತ್‌ನ ಹೈಡ್ರಾಲಿಕ್ ಚಕ್‌ಗೂ ಅದೇ ಕಥೆ. ಎರಡು ಕಾಯಿಲ್ ಇರುವ, ಕರೆಂಟ್ ಹೋದರೂ ಇದ್ದ ಜಾಗದಲ್ಲೇ ನಿಲ್ಲುವ ವಾಲ್ವ್ ಇರಬೇಕು. ಅದರ ಜೊತೆ ಪ್ರೆಶರ್ ಹಿಡಿದಿಡುವ ಚೆಕ್ ವಾಲ್ವ್ ಕೂಡ ಬೇಕು. ಪ್ರೆಶರ್ ಸ್ವಿಚ್ ಸ್ಪಿಂಡಲ್ ನಿಲ್ಲಿಸಲಿ, ಆದರೆ ಚಕ್ ಬಿಡಬಾರದು.

ಪೀಣ್ಯದವರೇ, ನಿಮ್ಮ ವೈಸ್ ಸ್ಕ್ರೂ ವೈಸ್ ಆದರೆ ಈ ಚಿಂತೆ ಇಲ್ಲ. ಆದರೆ ಝಡ್ ಆಕ್ಸಿಸ್ ಕರೆಂಟ್ ಹೋದಾಗ ಏನಾಗುತ್ತದೆ ಅಂತ ನೋಡಿದ್ದೀರಾ?

ರೂಟರ್ ಕೆಲಸ, ಶಿವಮೊಗ್ಗ · ಭಾನುವಾರ ಸಂಜೆ

ಬೆಳಗಾವಿ ಸರ್ ಹೇಳಿದ್ದು ನಮಗೂ ಹೊಂದುತ್ತದೆ. ನಮ್ಮದು ಮರದ ಕೆಲಸ, ವ್ಯಾಕ್ಯೂಮ್ ಬೆಡ್ ಮೇಲೆ ಪ್ಲೈವುಡ್ ಕೂರಿಸುತ್ತೇವೆ. ವ್ಯಾಕ್ಯೂಮ್ ಬಿದ್ದರೆ ಹಲಗೆ ಹಾರುತ್ತದೆ. ಆದ್ದರಿಂದ ವ್ಯಾಕ್ಯೂಮ್ ಸ್ವಿಚ್ ಎಮರ್ಜೆನ್ಸಿ ಸರಣಿಯಲ್ಲಿದೆ, ಪಂಪ್ ಮಾತ್ರ ಅದರಿಂದ ಹೊರಗೆ.

ಕಂಟ್ರೋಲರ್ ಜಿಆರ್‌ಬಿಎಲ್ ಸಾಫ್ಟ್‌ವೇರ್, ಅರ್ಡುಯಿನೋ ಯೂನೋ ಬೋರ್ಡ್ ಮೇಲೆ. ಎ0 ಪಿನ್ ರೀಸೆಟ್, ಎ1 ಫೀಡ್ ಹೋಲ್ಡ್. ಶುರುವಿನಲ್ಲಿ ಎಮರ್ಜೆನ್ಸಿ ಬಟನ್ನನ್ನು ಎ0ಗೆ ಕೊಟ್ಟು ಸುಮ್ನೆ ಇದ್ದೆ. ಅದು ಎಮರ್ಜೆನ್ಸಿ ಸ್ಟಾಪ್ ಅಲ್ಲ, ಸಾಫ್ಟ್‌ವೇರ್‌ಗೆ ಒಂದು ಸುದ್ದಿ ಅಷ್ಟೇ. ಚಿಪ್ ಹ್ಯಾಂಗ್ ಆದರೆ ಆ ಸುದ್ದಿ ಕೇಳುವವರೇ ಇಲ್ಲ. ಈಗ ಬಟನ್ ಮೊದಲು ಕಾಂಟ್ಯಾಕ್ಟರ್ ಬೀಳಿಸುತ್ತದೆ, ಅದರ ಇನ್ನೊಂದು ಕಾಂಟ್ಯಾಕ್ಟ್ ಎ0ಗೆ ತಿಳಿಸುತ್ತದೆ.

ಸುಮ್ಮಸುಮ್ಮನೆ ಟ್ರಿಪ್ ಆಗುವ ಕಾಟವೂ ಇತ್ತು. ಧೂಳು ಎಳೆಯುವ ಮೋಟರ್ ಶುರುವಾದಾಗೆಲ್ಲ ಲಿಮಿಟ್ ಅಲಾರ್ಮ್. ಬೋರ್ಡಿನ ಒಳಗಿನ ಪುಲ್‌ಅಪ್ ತುಂಬಾ ದುರ್ಬಲ, 5 ವೋಲ್ಟ್ ವೈರ್ ಮೂರು ಮೀಟರ್ ಹೋದರೆ ಆಂಟೆನಾ ಆಗುತ್ತದೆ. ಸೆನ್ಸರ್‌ಗಳನ್ನು 24 ವೋಲ್ಟ್‌ಗೆ ಬದಲಿಸಿ, ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಮೂಲಕ ಬೋರ್ಡಿಗೆ ತಂದೆ. ಸ್ಪಿಂಡಲ್ ಕೇಬಲ್ ಶೀಲ್ಡ್ ಇರುವುದು ಹಾಕಿ, ಸೆನ್ಸರ್ ವೈರ್‌ನಿಂದ ದೂರ ಎಳೆದೆ. ಎರಡೂ ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿದೆ. ಕಾಟ ನಿಂತಿತು.

ಲಿನಕ್ಸ್‌ಸಿಎನ್‌ಸಿ ಬಳಸುವವ, ಮೈಸೂರು · ಭಾನುವಾರ ರಾತ್ರಿ

ಸಾಫ್ಟ್‌ವೇರ್ ಕಡೆಯದು ನಾನು ಹೇಳುತ್ತೇನೆ. ಲಿನಕ್ಸ್‌ಸಿಎನ್‌ಸಿಯಲ್ಲಿ ಯಾವ ಸಿಗ್ನಲ್ ಎಲ್ಲಿಗೆ ಅಂತ ಬರೆಯುವ ಹಾಲ್ ಫೈಲ್‌ನಲ್ಲಿ 'ಎಸ್ಟಾಪ್ ಲ್ಯಾಚ್' ಅನ್ನುವ ಕಾಂಪೊನೆಂಟ್ ಇದೆ. ಅದರ ಓಕೆ-ಇನ್‌ಗೆ ಐಒಕಂಟ್ರೋಲ್‌ನ ಯೂಸರ್ ಎನೇಬಲ್ ಔಟ್ ಕೊಡಿ. ಫಾಲ್ಟ್-ಇನ್‌ಗೆ ನಿಮ್ಮ ಎಮರ್ಜೆನ್ಸಿ ಸರಣಿಯಿಂದ ಬರುವ ಇನ್‌ಪುಟ್ ಕೊಡಿ. ಎನ್‌ಸಿ ಆದ್ದರಿಂದ 'ಸರಿ ಇದೆ' ಅಂದರೆ ಇನ್‌ಪುಟ್ ಒಂದು ಇರುತ್ತದೆ, ಅದನ್ನು ಉಲ್ಟಾ ಮಾಡಿದ ಪಿನ್ ಆರಿಸಬೇಕು. ರೀಸೆಟ್‌ಗೆ ಯೂಸರ್ ರಿಕ್ವೆಸ್ಟ್ ಎನೇಬಲ್, ಓಕೆ-ಔಟ್‌ನಿಂದ ಇಎಂಸಿ ಎನೇಬಲ್ ಇನ್. ಲಾಭ ಏನು ಅಂದರೆ, ಸೆನ್ಸರ್ ಒಂದು ಕ್ಷಣ ಬಿದ್ದು ಮತ್ತೆ ಸರಿಯಾದರೂ ಮಷಿನ್ ತಾನೇ ಎದ್ದು ಓಡುವುದಿಲ್ಲ. ಆಪರೇಟರ್ ಬಂದು ರೀಸೆಟ್ ಒತ್ತಬೇಕು.

ಲಿಮಿಟ್ ಪ್ರಾಕ್ಸಿಗಳಿಗೆ ಡಿಬೌನ್ಸ್, ಅಂದರೆ ಸಿಗ್ನಲ್ ಸ್ವಲ್ಪ ಹೊತ್ತು ನಿಂತರೆ ಮಾತ್ರ ನಂಬುವ ಫಿಲ್ಟರ್, ಹಾಕಬಹುದು. 1 ಮಿಲಿಸೆಕೆಂಡಿನ ಸರ್ವೋ ಥ್ರೆಡ್‌ನಲ್ಲಿ ಡಿಲೇ 5 ಅಂದರೆ ಸುಮಾರು 5 ಮಿಲಿಸೆಕೆಂಡ್. ಟ್ರಿಪ್ ಕಾಟ ತಾಳದೆ ಇದನ್ನು 200, 300 ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ನಿಮಿಷಕ್ಕೆ 6 ಮೀಟರ್ ವೇಗದಲ್ಲಿ ಝಡ್ ಇಳಿಯುತ್ತಿದ್ದರೆ 5 ಮಿಲಿಸೆಕೆಂಡಿಗೆ ಅರ್ಧ ಎಂಎಂ ಹೋಗುತ್ತದೆ. 200 ಮಿಲಿಸೆಕೆಂಡಿಗೆ 20 ಎಂಎಂ! ನಾಯ್ಸ್ ಇದ್ದರೆ ವೈರಿಂಗ್‌ನಲ್ಲಿ ಸರಿ ಮಾಡಬೇಕು, ಶಿವಮೊಗ್ಗದವರು ಮಾಡಿದ ಹಾಗೆ.

ಕಂಪ್ಯೂಟರ್ ಹ್ಯಾಂಗ್ ಆದರೆ ಅಂತ ಚಾರ್ಜ್ ಪಂಪ್ ಇದೆ. ಸಾಫ್ಟ್‌ವೇರ್ ಬದುಕಿರುವವರೆಗೂ ಒಂದು ಪಿನ್ ಮಿಡಿಯುತ್ತಿರುತ್ತದೆ. ಮಿಡಿತ ನಿಂತರೆ ರಿಲೇ ಬೀಳುತ್ತದೆ. ಆ ರಿಲೇಯನ್ನೂ ಸರಣಿಗೆ ಸೇರಿಸಿ.

ಪೀಣ್ಯ ಮಿಲ್ಲಿಂಗ್ · ಸೋಮವಾರ ರಾತ್ರಿ

ಇಷ್ಟೊಂದು ಬರೆದಿರಿ, ತುಂಬಾ ಉಪಕಾರ ಆಯಿತು. ಸೆನ್ಸರ್ ಪಟ್ಟಿ ಮಾಡಿ ಬೊಮ್ಮಸಂದ್ರ ಸರ್ ಪ್ರಶ್ನೆ ಕೇಳುತ್ತಾ ಹೋದೆ. ಎಮರ್ಜೆನ್ಸಿಗೆ ಉಳಿದದ್ದು ಬಟನ್, ಡೋರ್, ಓವರ್‌ಟ್ರಾವೆಲ್ ರೋಲರ್ ಸ್ವಿಚ್, ಡ್ರೈವ್ ಫಾಲ್ಟ್, ಇಷ್ಟೇ. ಪ್ರಾಕ್ಸಿಗಳು ಲಿಮಿಟ್ ಇನ್‌ಪುಟ್‌ಗೆ ಹೋದವು.

ಒಂದು ಸಂಶಯ. ಸೇಫ್ಟಿ ರಿಲೇ ತರಲೇಬೇಕಾ? ಮಾಮೂಲಿ 24 ವೋಲ್ಟ್ ರಿಲೇ ಎರಡು ಇದ್ದಾವೆ. ನಮ್ಮಂಥ ಸಣ್ಣವರಿಗೆ ಅದರ ದುಡ್ಡೂ ಜಾಸ್ತಿಯೇ.

ಪ್ಯಾನೆಲ್ ವೈರ್‌ಮನ್, ಹುಬ್ಬಳ್ಳಿ · ಮಂಗಳವಾರ ಬೆಳಿಗ್ಗೆ

ತರಬೇಕು ಸರ್. ಇದರಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.

ಮಾಮೂಲಿ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ನಿಮಗೆ ತಿಳಿಯುವುದೇ ಇಲ್ಲ. ಬಟನ್ ಒತ್ತಿದಾಗಲೇ ಗೊತ್ತಾಗುವುದು. ಸೇಫ್ಟಿ ರಿಲೇಯಲ್ಲಿ ಎರಡು ಚಾನೆಲ್ ಇರುತ್ತವೆ. ಒಂದು ಬೆಸೆದುಕೊಂಡರೂ ಇನ್ನೊಂದು ಬಿಡಿಸುತ್ತದೆ, ಮತ್ತೆ ರೀಸೆಟ್ ಆಗಲು ಬಿಡುವುದಿಲ್ಲ. ಹೊರಗಿನ ಎರಡು ಕಾಂಟ್ಯಾಕ್ಟರ್‌ಗಳ ಎನ್‌ಸಿ ಕಾಂಟ್ಯಾಕ್ಟ್‌ಗಳನ್ನು ರೀಸೆಟ್ ಬಟನ್ ಜೊತೆ ಸೀರೀಸ್ ಮಾಡಿದರೆ ಕಾಂಟ್ಯಾಕ್ಟರ್ ಬೆಸೆದದ್ದೂ ಸಿಕ್ಕಿಬೀಳುತ್ತದೆ. ಬಟನ್‌ನಿಂದ ಎರಡು ಎನ್‌ಸಿ ಬ್ಲಾಕ್, ಎರಡು ಬೇರೆ ವೈರ್ ಜೋಡಿ. ದುಡ್ಡಿನ ಮಾತಿಗೆ ಬಂದರೆ, ಶನಿವಾರ ಹೋದ ಕೊಲೆಟ್ ಹೋಲ್ಡರ್, ವೈಸ್ ದವಡೆ, ಸ್ಪಿಂಡಲ್ ಬೇರಿಂಗ್ ಲೆಕ್ಕ ಹಾಕಿ ನೋಡಿ.

ಇದು ಹೊಸ ಮಾತೂ ಅಲ್ಲ. ಓಡುವ ಮಷಿನ್‌ನ ಶಕ್ತಿಯನ್ನು ತುರ್ತಿನಲ್ಲಿ ಕಡಿಯುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲೂ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಬರೆದಿದ್ದರು.

ಈಗ ಸ್ಪಿಂಡಲ್ 20 ಸೆಕೆಂಡ್ ತಿರುಗಿದ್ದು. ಮಷಿನ್‌ಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1ರಲ್ಲಿ ನಿಲ್ಲಿಸುವ ಬಗೆಗಳನ್ನು ಹೇಳಿದ್ದಾರೆ. ಕ್ಯಾಟಗರಿ 0 ಅಂದರೆ ತಕ್ಷಣ ಶಕ್ತಿ ಕಟ್. ಕ್ಯಾಟಗರಿ 1 ಅಂದರೆ ಶಕ್ತಿ ಇಟ್ಟುಕೊಂಡೇ ಬ್ರೇಕ್ ಮಾಡಿ ನಿಲ್ಲಿಸಿ, ನಿಂತ ಮೇಲೆ ಕಟ್. ಎಮರ್ಜೆನ್ಸಿಗೆ ಇವೆರಡೇ ನಡೆಯುತ್ತವೆ. ನಿಮ್ಮದು 0 ಆಗಿದೆ. ವಿಎಫ್‌ಡಿಗೆ ಬರುವ ಕರೆಂಟನ್ನೇ ಕಡಿದರೆ ಅದಕ್ಕೆ ಬ್ರೇಕ್ ಮಾಡಲು ಶಕ್ತಿಯೇ ಇರುವುದಿಲ್ಲ, ಸ್ಪಿಂಡಲ್ ತನ್ನ ಪಾಡಿಗೆ ತಿರುಗುತ್ತದೆ. ಡಿಲೇ ಕಾಂಟ್ಯಾಕ್ಟ್ ಇರುವ ಸೇಫ್ಟಿ ರಿಲೇ ತನ್ನಿ. ತಕ್ಷಣದ ಕಾಂಟ್ಯಾಕ್ಟ್ ವಿಎಫ್‌ಡಿಗೆ ಸ್ಟಾಪ್ ಹೇಳಲಿ. ಬ್ರೇಕಿಂಗ್ ರೆಸಿಸ್ಟರ್ ಹಾಕಿ ವೇಗ ಇಳಿಸುವ ರ‍್ಯಾಂಪ್ 2 ಸೆಕೆಂಡ್ ಇಡಿ. 3 ಸೆಕೆಂಡ್ ಆದ ಮೇಲೆ ಡಿಲೇ ಕಾಂಟ್ಯಾಕ್ಟ್ ಪೂರ್ತಿ ಕಡಿಯಲಿ.

ಪೀಣ್ಯ ಮಿಲ್ಲಿಂಗ್ · ಮೂರು ವಾರದ ನಂತರ

ಕೆಲಸ ಮುಗಿಸಿ ಬಂದೆ. ಸ್ಪಿಂಡಲ್ ಈಗ ಎರಡು ಸೆಕೆಂಡಿಗೆ ನಿಲ್ಲುತ್ತದೆ. ಡೋರ್‌ಗೆ ಬರೀ ಸ್ವಿಚ್ ಬದಲು ಲಾಕ್ ಹಾಕಿದೆ, ಸ್ಪಿಂಡಲ್ ನಿಲ್ಲುವವರೆಗೂ ತೆಗೆಯುವುದಿಲ್ಲ. ಸರ್ವೋ ಡ್ರೈವ್‌ಗಳ ಎಸ್‌ಟಿಒ, ಅಂದರೆ ಮೋಟರ್‌ನ ಟಾರ್ಕ್ ತೆಗೆಯುವ ಇನ್‌ಪುಟ್, ಅದನ್ನು ತಕ್ಷಣದ ಕಾಂಟ್ಯಾಕ್ಟ್‌ಗೆ ಕೊಟ್ಟೆ.

ಆಮೇಲೆ ಒಂದೊಂದೇ ಸೆನ್ಸರ್‌ನ ವೈರ್ ಬಿಚ್ಚಿ ಪರೀಕ್ಷೆ ಮಾಡಿದೆ. ಟೂಲ್ ಇಲ್ಲದೆ, ಗಾಳಿಯಲ್ಲಿ, ಕಡಿಮೆ ಫೀಡ್‌ನಲ್ಲಿ. ಬಿಚ್ಚಿದಾಗೆಲ್ಲ ನಿಂತಿತು. ಕಪ್ಪು ವೈರನ್ನು ಬಾಡಿಗೆ ಮುಟ್ಟಿಸಿದೆ, ಆಗಲೂ ನಿಂತಿತು.

ಆದರೆ ಬೆಳಗಾವಿ ಸರ್ ಕೇಳಿದ ಝಡ್ ಪ್ರಶ್ನೆ ತಲೆಯಲ್ಲೇ ಇತ್ತು. ಡಯಲ್ ಗೇಜ್ ಇಟ್ಟು ಎಮರ್ಜೆನ್ಸಿ ಒತ್ತಿದೆ. ಸ್ಪಿಂಡಲ್ ತಲೆ 1.8 ಎಂಎಂ ಕೆಳಗೆ ಜಾರಿತು! ಮೋಟರ್‌ನಲ್ಲಿ ಬ್ರೇಕ್ ಇದೆ, ಕೇಳಿದರೆ ಟಕ್ ಅನ್ನುತ್ತದೆ. ಆದರೂ ಯಾಕೆ?

ಪ್ಯಾನೆಲ್ ವೈರ್‌ಮನ್, ಹುಬ್ಬಳ್ಳಿ · ಅದೇ ದಿನ

ಅಳೆದು ನೋಡಿದಿರಲ್ಲ, ತುಂಬಾ ಒಳ್ಳೆಯ ಕೆಲಸ. ಸುಮಾರು ಜನ ಇಲ್ಲಿವರೆಗೂ ಬರುವುದೇ ಇಲ್ಲ.

ಎರಡು ಕಾರಣ. ಬ್ರೇಕ್ ಕಾಯಿಲ್ ಮೇಲೆ ಡಯೋಡ್ ಹಾಕಿದ್ದೀರಾ? ಹಾಕಿದ್ದರೆ, ಕರೆಂಟ್ ಕಡಿದ ಮೇಲೂ ಕಾಯಿಲ್ ಒಳಗಿನ ಕರೆಂಟ್ ಡಯೋಡ್ ಮೂಲಕ ಸುತ್ತುತ್ತಾ ನಿಧಾನಕ್ಕೆ ಇಳಿಯುತ್ತದೆ. ಬ್ರೇಕ್ ಅಷ್ಟು ತಡವಾಗಿ ಹಿಡಿಯುತ್ತದೆ. ಡಯೋಡ್ ತೆಗೆದು ವೇರಿಸ್ಟರ್ (ವೋಲ್ಟೇಜ್ ಏರಿದಾಗ ಮಾತ್ರ ಕರೆಂಟ್ ಬಿಡುವ ಬಿಡಿಭಾಗ) ಹಾಕಿ, ಬೇಗ ಬೀಳುತ್ತದೆ. ಕಾಯಿಲ್‌ನ ಡಿಸಿ ಕಡೆಯಲ್ಲೇ ಕಡಿಯಬೇಕು.

ಎರಡನೆಯದು ಎಸ್‌ಟಿಒ. ಡ್ರೈವ್‌ನಲ್ಲಿ ಎನೇಬಲ್ ಹೋದ ಮೇಲೂ ಬ್ರೇಕ್ ಹಿಡಿಯುವವರೆಗೆ ಮೋಟರ್‌ಗೆ ಶಕ್ತಿ ಇಟ್ಟುಕೊಳ್ಳುವ ಪ್ಯಾರಾಮೀಟರ್ ಇರುತ್ತದೆ. ನೀವು ಎಸ್‌ಟಿಒ ತಕ್ಷಣ ಕಡಿದರೆ ಆ ಪ್ಯಾರಾಮೀಟರ್‌ಗೆ ಅವಕಾಶವೇ ಇಲ್ಲ. ಎಸ್‌ಟಿಒ ಅನ್ನೂ ಡಿಲೇ ಕಾಂಟ್ಯಾಕ್ಟ್‌ಗೆ ಬದಲಿಸಿ. ಎನೇಬಲ್ ಮಾತ್ರ ತಕ್ಷಣ ಹೋಗಲಿ. ಆ ಬ್ರೇಕ್ ನಿಂತದ್ದನ್ನು ಹಿಡಿಯಲು ಇರುವುದು, ಓಡುವುದನ್ನು ನಿಲ್ಲಿಸಲು ಅಲ್ಲ. ಮೊದಲು ಡ್ರೈವ್ ನಿಲ್ಲಿಸಲಿ, ಆಮೇಲೆ ಬ್ರೇಕ್ ಹಿಡಿಯಲಿ.

ಪೀಣ್ಯ ಮಿಲ್ಲಿಂಗ್ · ಮರುದಿನ ರಾತ್ರಿ

ಡಯೋಡ್ ಇತ್ತು. ಹೋದ ವರ್ಷ ನಾನೇ ಹಾಕಿದ್ದು. ಬ್ರೇಕ್ ತಯಾರಕರ ಹಾಳೆಯಲ್ಲಿ ಹೇಳಿದ ವೇರಿಸ್ಟರ್ ಹಾಕಿ ಒತ್ತಿದೆ, 0.6 ಎಂಎಂ. ಎಸ್‌ಟಿಒ ಬದಲಿಸಿ, ಡ್ರೈವ್‌ನಲ್ಲಿ ಬ್ರೇಕ್ ಡಿಲೇ 150 ಮಿಲಿಸೆಕೆಂಡ್ ಇಟ್ಟು ಮತ್ತೆ ಒತ್ತಿದೆ. ಡಯಲ್ ಮುಳ್ಳು ಅಲ್ಲಾಡಲಿಲ್ಲ. ಹತ್ತು ಸಲ ಒತ್ತಿದೆವು. ಐದು ಸಲ ನಾನು, ಐದು ಸಲ ಅವತ್ತು ಪಕ್ಕದಲ್ಲಿ ನಿಂತಿದ್ದ ನಮ್ಮ ಹುಡುಗ.

ಮೇಂಟೆನೆನ್ಸ್, ಬೊಮ್ಮಸಂದ್ರ · ಮರುದಿನ ರಾತ್ರಿ

ತುಂಬಾ ಖುಷಿಯಾಯಿತು. ಕೇಬಲ್ ಚೈನ್‌ಗೆ ಹಾಕಿದ ವೈರ್ ಯಾವುದು? ಮಾಮೂಲಿ ವೈರ್ ಆದರೆ ಅದೇ ಜಾಗದಲ್ಲಿ ಮತ್ತೆ ತುಂಡಾಗುತ್ತದೆ.

ಪೀಣ್ಯ ಮಿಲ್ಲಿಂಗ್ · ಮರುದಿನ ರಾತ್ರಿ

ಚೈನ್‌ಗೆಂದೇ ಬರುವ ಬಗ್ಗುವ ಕೇಬಲ್ ತಂದಿದ್ದೇನೆ ಸರ್. ಝಡ್‌ಗೆ ಹಾಕಿದ್ದೇನೆ. ಎಕ್ಸ್, ವೈ ಎರಡೂ ಭಾನುವಾರ ಬದಲಿಸುತ್ತೇವೆ.